ಉತಾರದಿಂದ ಬೆರಳಚ್ಚಿನವರೆಗೆ: ಜಾಲತಾಣಗಳಲ್ಲಿ ನಿಮ್ಮ ಮಾಹಿತಿ ಎಷ್ಟು ಭದ್ರ?

ಯಾವುದೇ ಜಾಲತಾಣದ ಮುಖಪುಟದ ತಳಭಾಗಕ್ಕೆ ಹೋಗಿ ನೋಡಿ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ‘ಪ್ರೈವೆಸಿ ಪಾಲಿಸಿ’ ಎಂಬ ಕೊಂಡಿಯೊಂದು ಇರುತ್ತದೆ. ಅದನ್ನು ಒತ್ತಿದರೆ ಉದ್ದನೆಯ ಬರಹವೊಂದು ತೆರೆದುಕೊಳ್ಳುತ್ತದೆ. ತಾಣಕ್ಕೆ ಬಂದವರಿಂದ ಏನೇನು ಮಾಹಿತಿ ಪಡೆಯಲಾಗುತ್ತದೆ, ಅದನ್ನು ಯಾರ ಜೊತೆ ಹಂಚಿಕೊಳ್ಳಲಾಗುತ್ತದೆ, ಹೇಗೆ ಕಾಪಾಡಲಾಗುತ್ತದೆ ಎಂಬುದೆಲ್ಲ ಅದರಲ್ಲಿ ಇರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಕಂಪನಿಗಳಿಗೆ ಇದನ್ನು ಕಡ್ಡಾಯ ಮಾಡಿದವು.

ಈ ಬರಹ ಒಬ್ಬ ಓದುಗನನ್ನು ಕಲ್ಪಿಸಿಕೊಂಡು ಸಿದ್ಧವಾದದ್ದು. ಆತ ತನ್ನದೇ ಗಣಕದ ಮುಂದೆ ಕುಳಿತಿದ್ದಾನೆ, ಇಂಗ್ಲಿಷ್ ಬಲ್ಲವನು, ಬಿಡುವಾಗಿ ಓದಿ ‘ಒಪ್ಪಿದೆ’ ಎಂಬ ಗುಂಡಿ ಒತ್ತುತ್ತಾನೆ. ಈಗ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿ ತಾಲ್ಲೂಕಿನ ಯಾವುದಾದರೂ ಗ್ರಾಮ ಒನ್ ಕೇಂದ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಕಬ್ಬಿನ ರೈತರೊಬ್ಬರು ಅಥವಾ ಮಗ್ಗದ ನೇಕಾರರೊಬ್ಬರು ಅರ್ಜಿ ಹಾಕಲು ಬಂದಿದ್ದಾರೆ. ಪರದೆ ತಿರುಗಿರುವುದು ಕೇಂದ್ರದ ನಿರ್ವಾಹಕರ ಕಡೆಗೆ. ಮೊಬೈಲಿಗೆ ಬಂದ ಆರು ಅಂಕಿಗಳನ್ನು ಬಂದವರು ಗಟ್ಟಿಯಾಗಿ ಓದಿ ಹೇಳುತ್ತಾರೆ. ಹಿಂದೆ ಸರದಿಯಲ್ಲಿ ನಿಂತವರಿಗೂ ಅದು ಕೇಳಿಸುತ್ತದೆ. ‘ಒಪ್ಪಿದೆ’ ಎಂಬ ಚೌಕದಲ್ಲಿ ಗುರುತು ಹಾಕುವವರು ನಿರ್ವಾಹಕರು. ಹಾಗಾದರೆ ತಾಣದ ಲೆಕ್ಕದಲ್ಲಿ ‘ಸಂದರ್ಶಕ’ ಯಾರು? ಮಾಹಿತಿ ಯಾರದೋ ಅವರು ತಾಣವನ್ನು ಕಂಡೇ ಇಲ್ಲ.

ಆದ್ದರಿಂದ ಒಪ್ಪಿಗೆಯ ಗುಂಡಿಯ ಮೇಲೆ ನಿಂತ ರಕ್ಷಣೆ ಇಂಥ ಊರುಗಳಲ್ಲಿ ಕಾಗದದ ಮೇಲಷ್ಟೇ ಉಳಿಯುತ್ತದೆ. ರಕ್ಷಣೆ ತಾಣದ ರಚನೆಯಲ್ಲೇ ಇರಬೇಕು: ಏನನ್ನು ಕೇಳಬೇಕು, ಏನನ್ನು ತೋರಿಸಬೇಕು, ತೋರಿಸಿದ್ದಕ್ಕೆ ಲೆಕ್ಕ ಎಲ್ಲಿ ಎಂಬುದರಲ್ಲಿ. ಈ ಒರೆಗಲ್ಲಿಗೆ ನಾವೆಲ್ಲರೂ ಬಳಸುವ ಕೆಲವು ತಾಣಗಳನ್ನು ಹಚ್ಚಿ ನೋಡೋಣ.

ಬೀಗದ ಚಿತ್ರ ಹೇಳುವುದೆಷ್ಟು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಿಕೊಳ್ಳಬೇಕು. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ತಾಣ ಸುರಕ್ಷಿತ ಎಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಆ ಬೀಗದ ಅರ್ಥ ಇಷ್ಟೇ: ನಿಮ್ಮ ಗಣಕದಿಂದ ತಾಣದ ಗಣಕಕ್ಕೆ ಹೋಗುವ ಅಕ್ಷರಗಳನ್ನು ದಾರಿಯಲ್ಲಿ ಬೇರೆಯವರು ಓದಲಾರರು, ತಿದ್ದಲಾರರು, ಆಚೆ ತುದಿಯಲ್ಲಿರುವುದು ವಿಳಾಸದಲ್ಲಿ ಬರೆದ ಹೆಸರಿನ ತಾಣವೇ. ಅಂಚೆಯ ಲಕೋಟೆಗೆ ಅರಗಿನ ಮೊಹರು ಹಾಕಿದ ಹಾಗೆ. ಲಕೋಟೆ ತಲುಪಿದ ಮೇಲೆ ಅದರೊಳಗಿನ ಪತ್ರವನ್ನು ಕಪಾಟಿನಲ್ಲಿಟ್ಟರೋ ಕಟ್ಟೆಯ ಮೇಲೆ ಕುಳಿತು ಓದಿದರೋ ಮೊಹರಿಗೆ ಗೊತ್ತಿಲ್ಲ. ವಂಚಕನ ತಾಣಕ್ಕೂ ಈ ಬೀಗ ಸುಲಭವಾಗಿ ದೊರೆಯುತ್ತದೆ. ಜನ ಇದನ್ನು ತಪ್ಪಾಗಿ ಅರ್ಥೈಸುತ್ತಾರೆ ಎಂಬ ಕಾರಣಕ್ಕೇ ಗೂಗಲ್ ಸಂಸ್ಥೆ 2023ರಲ್ಲಿ ತನ್ನ ಕ್ರೋಮ್ ತಂತ್ರಾಂಶದಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ನೀವು ಏನನ್ನೂ ತುಂಬದೆ ಬರಿದೆ ಪುಟ ತೆರೆದರೂ ತಾಣಕ್ಕೆ ಕೆಲವು ಸಂಗತಿ ತಿಳಿಯುತ್ತದೆ: ನಿಮ್ಮ ಅಂತರಜಾಲ ಸಂಪರ್ಕದ ವಿಳಾಸ, ಬಂದ ಸಮಯ, ಬಳಸಿದ ತಂತ್ರಾಂಶ. ಇದಲ್ಲದೆ ‘ಕುಕಿ’ ಎಂಬ ಸಣ್ಣ ಗುರುತುಚೀಟಿಯನ್ನು ತಾಣ ನಿಮ್ಮ ಗಣಕದಲ್ಲಿ ಇಡಬಹುದು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಇದನ್ನು ರೂಪಿಸಿದ್ದು ಒಳ್ಳೆಯ ಉದ್ದೇಶಕ್ಕೇ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಾಗ ಅದೇ ವ್ಯಕ್ತಿ ಎಂದು ತಾಣಕ್ಕೆ ನೆನಪಿರಲಿ ಎಂದು. ಆದರೆ ಜಾಹೀರಾತಿನವರು ನೂರಾರು ತಾಣಗಳಲ್ಲಿ ತಮ್ಮ ಚೀಟಿ ಇಟ್ಟಾಗ ಯಾರು ಎಲ್ಲೆಲ್ಲಿ ತಿರುಗಿದರು ಎಂಬ ಇಡೀ ನಕಾಶೆ ಅವರ ಕೈಗೆ ಬರುತ್ತದೆ.

ಇದರ ಪರಿಣಾಮವನ್ನು ಫಲಿತಾಂಶದ ದಿನ ನೋಡಬೇಕು. ಸರ್ಕಾರದ ತಾಣದ ಮೇಲೆ ಒತ್ತಡ ಬಿದ್ದು ಪುಟ ತೆರೆಯದಿದ್ದಾಗ ಮಕ್ಕಳು ಖಾಸಗಿ ತಾಣಗಳಿಗೆ ಹೋಗುತ್ತಾರೆ. ‘ಫಲಿತಾಂಶ ಮೊದಲು ತಿಳಿಸುತ್ತೇವೆ, ಹೆಸರು ಮತ್ತು ಮೊಬೈಲ್ ಸಂಖ್ಯೆ ಕೊಡಿ’ ಎಂಬ ಚೌಕ ಅಲ್ಲಿ ಕಾದಿರುತ್ತದೆ. ಅಂಕಗಳನ್ನು ಪರದೆಯ ಮೇಲೆ ತೋರಿಸಲು ಮೊಬೈಲ್ ಸಂಖ್ಯೆಯ ಅಗತ್ಯ ಕಿಂಚಿತ್ತೂ ಇಲ್ಲ. ಕೆಲಸಕ್ಕೆ ಬೇಡದ ಮಾಹಿತಿಯನ್ನು ಕೇಳುವ ತಾಣ ಅದನ್ನು ಬೇರೆ ಕೆಲಸಕ್ಕೆ ಬಳಸಲಿದೆ ಎಂದು ತಿಳಿಯಲು ಪಾಲಿಸಿ ಓದಬೇಕಾಗಿಲ್ಲ.

ತಿದ್ದುವವರಿಗೆ ಕಾವಲು, ಓದುವವರಿಗೆ ಬಯಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಮೈಸೂರಿನ ಕಡೆ ಪಹಣಿ ಎನ್ನುವುದನ್ನು ಈಗ ಕಿತ್ತೂರು ಕರ್ನಾಟಕ ಎಂದು ಕರೆಯುವ ಈ ಭಾಗದಲ್ಲಿ ಉತಾರ ಎನ್ನುತ್ತಾರೆ. ಅದರ 9ನೇ ಕಾಲಮಿನಲ್ಲಿ ಜಮೀನಿನ ಒಡೆಯರ ಹೆಸರು ಮತ್ತು ವಿಸ್ತೀರ್ಣ, 11ನೇ ಕಾಲಮಿನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಸೊಸೈಟಿಯ ಸಾಲವೋ ಬ್ಯಾಂಕಿನ ಸಾಲವೋ ಇದ್ದರೆ ‘ಬೋಜಾ’ ಏರುವುದು ಇದೇ ಜಾಗದಲ್ಲಿ.

ಮೊದಲು ಈ ದಫ್ತರ ತಲಾಟಿಯ ವಶದಲ್ಲಿತ್ತು. ಒಂದು ಉತಾರಕ್ಕೆ ಎಷ್ಟು ಸಲ ಅಲೆಯಬೇಕು, ಎಷ್ಟು ಕೊಡಬೇಕು ಎಂಬುದು ಅವರ ಮರ್ಜಿಗೆ ಬಿಟ್ಟದ್ದಾಗಿತ್ತು. 2000ದ ಸುಮಾರಿಗೆ ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನದಲ್ಲಿ, ಹಳೆಯ ಪದ್ಧತಿಯಲ್ಲಿ ಮೂರನೇ ಎರಡರಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದರೆ, ಗಣಕದ ಕಿಟಕಿಯಲ್ಲಿ ಅದು ನೂರಕ್ಕೆ 3ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಈ ಲೇಖನ ಆ ಸಾಧನೆಯನ್ನು ಕಡೆಗಣಿಸುವುದೂ ಇಲ್ಲ.

ಮಾಹಿತಿ ಭದ್ರತೆಯ ಪಾಠದಲ್ಲಿ ಮೂರು ಗುಣಗಳನ್ನು ಹೇಳುತ್ತಾರೆ. ಬೇಕಾದವರಿಗೆ ಬೇಕಾದಾಗ ಮಾಹಿತಿ ಸಿಗಬೇಕು. ಅಧಿಕಾರವಿಲ್ಲದವರು ಅದನ್ನು ತಿದ್ದುವಂತಿರಬಾರದು. ಸಂಬಂಧವಿಲ್ಲದವರು ಅದನ್ನು ಓದುವಂತಿರಬಾರದು. ಭೂಮಿ ಯೋಜನೆಯ ತಂತ್ರಜ್ಞರು ಮೊದಲೆರಡನ್ನು ಬಹಳ ಶ್ರದ್ಧೆಯಿಂದ ನೋಡಿಕೊಂಡರು. ದಾಖಲೆಯನ್ನು ತಿದ್ದುವ ನೌಕರ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ಯಾವಾಗ ಏನು ಮಾಡಿದರೆಂಬ ಗುರುತು ಉಳಿಯುತ್ತಿತ್ತು. ಆ ಕಾಲಕ್ಕೆ ದೇಶದ ಬೇರೆ ಸರ್ಕಾರಿ ಕಚೇರಿಗಳಲ್ಲಿ ಇಂಥ ವ್ಯವಸ್ಥೆ ಅಪರೂಪ. ಮೂರನೆಯ ಗುಣದ ಪ್ರಶ್ನೆ ಏಳಲೇ ಇಲ್ಲ, ಏಕೆಂದರೆ ಉತಾರ ಸಾರ್ವಜನಿಕ ದಾಖಲೆ. ಮುಂದೆ ಅದು ಅಂತರಜಾಲಕ್ಕೆ ಬಂದಾಗಲೂ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆರಿಸಿದ ಯಾರಿಗೇ ಆದರೂ ಪುಟ ತೆರೆದುಕೊಳ್ಳುವ ಹಾಗೆ ಬಂತು.

ಸಾರ್ವಜನಿಕ ದಾಖಲೆ ಎಂಬ ಮಾತು ಕಾಗದದ ಕಾಲದ್ದು. ಆಗ ಒಂದು ಉತಾರ ನೋಡಲು ಒಬ್ಬ ಮನುಷ್ಯ ಒಂದು ಊರಿಗೆ ಹೋಗಬೇಕಿತ್ತು. ಆ ಶ್ರಮವೇ ಒಂದು ಬಗೆಯ ಕಾವಲಾಗಿತ್ತು, ಅದನ್ನು ಯಾರೂ ಕಾನೂನಿನಲ್ಲಿ ಬರೆದಿರಲಿಲ್ಲ ಅಷ್ಟೆ. ಈಗ ಲೆಕ್ಕ ಹಾಕಿ: ಒಂದು ಹಳ್ಳಿಯಲ್ಲಿ 300 ಸರ್ವೆ ನಂಬರುಗಳಿವೆ ಎನ್ನಿ. ಸೆಕೆಂಡಿಗೆ ಒಂದರಂತೆ ಪುಟ ತೆರೆಯುವ ಸಣ್ಣ ತಂತ್ರಾಂಶ ಬರೆದರೆ 5 ನಿಮಿಷದಲ್ಲಿ ಇಡೀ ಹಳ್ಳಿ ಮುಗಿಯಿತು. 100 ಹಳ್ಳಿಗಳ ತಾಲ್ಲೂಕು ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ. ಪಿಯುಸಿಯಲ್ಲಿ ಗಣಕ ವಿಜ್ಞಾನ ಓದುವ ಚುರುಕು ಹುಡುಗನೊಬ್ಬ ಇಂಥ ತಂತ್ರಾಂಶ ಬರೆಯಬಲ್ಲ. ಆಗ ಸಿಗುವುದು ಉತಾರವಲ್ಲ, ಉತಾರಗಳ ಪಟ್ಟಿ. ಯಾರಿಗೆ ಎಷ್ಟು ಎಕರೆ, ಯಾರ ಮೇಲೆ ಎಷ್ಟು ಬೋಜಾ ಎಂದು ಅದನ್ನು ಬೇಕಾದ ಕ್ರಮದಲ್ಲಿ ಜೋಡಿಸಬಹುದು. ತುಂಬಾ ಸಾಲವಿರುವ ಸಣ್ಣ ಹಿಡುವಳಿದಾರರು ಯಾರು ಎಂಬ ಒಂದು ಪ್ರಶ್ನೆಗೆ ಯಂತ್ರ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಅಂಥ ಪಟ್ಟಿ ಯಾರಿಗೆ ಬೇಕಾಗುತ್ತದೆ ಎಂಬುದನ್ನು ನೀವೇ ಊಹಿಸಬಲ್ಲಿರಿ.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ ಈ ಅಪಾಯವನ್ನೇ ಎತ್ತಿ ಹೇಳಿತ್ತು. ದಾಖಲೆಗಳು ಗಣಕಕ್ಕೆ ಏರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ಹೆಚ್ಚು ಲಾಭವಾದದ್ದು ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಎಂಬುದು ಅವರ ವಾದ. ಈ ವಾದದ ಎಲ್ಲ ಭಾಗವನ್ನೂ ಒಪ್ಪಬೇಕಾಗಿಲ್ಲ. ಆದರೆ ಒಂದೇ ಮಾಹಿತಿ ಒಬ್ಬ ರೈತನ ಕೈಯಲ್ಲಿ ಮತ್ತು ಒಂದು ಕಂಪನಿಯ ಗಣಕದಲ್ಲಿ ಒಂದೇ ಬೆಲೆ ಪಡೆಯುವುದಿಲ್ಲ ಎಂಬ ಅವರ ಒಳನೋಟ ಗಟ್ಟಿಯಾದದ್ದು.

ಕೃಷ್ಣೆಯ ದಂಡೆಯಲ್ಲಿ ಇದು ದೂರದ ಮಾತಲ್ಲ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಪರಿಹಾರದ ದರ ನಿಗದಿ ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ಹಿನ್ನೀರಿನ ದಂಡೆಯ ಒಂದು ಹಳ್ಳಿಯ ಉತಾರಗಳನ್ನು ತೆರೆದು ಎಕರೆಯನ್ನು ದರದಿಂದ ಗುಣಿಸಿದರೆ ಯಾರ ಖಾತೆಗೆ ಸುಮಾರು ಎಷ್ಟು ಬರಲಿದೆ ಎಂಬುದು ಹೊರಗಿನವರಿಗೂ ತಿಳಿಯುತ್ತದೆ. ‘ನಿಮ್ಮ ಸರ್ವೆ ನಂಬರ್ ಇಂಥದು, ನಿಮ್ಮ ಜಮೀನು ಇಷ್ಟು ಎಕರೆ ಇಷ್ಟು ಗುಂಟೆ, ಪರಿಹಾರ ಬಿಡುಗಡೆಯಾಗಿದೆ, ಓಟಿಪಿ ಹೇಳಿ’ ಎಂದು ದೂರವಾಣಿ ಬಂದರೆ ನಂಬದಿರುವುದು ಸುಲಭವೇ? ಕರೆ ಮಾಡಿದವನ ಬಳಿ ಇರುವ ವಿವರವೆಲ್ಲ ನಿಜವೇ ಆಗಿರುತ್ತದೆ.

ಹಾಗೆಂದು ಉತಾರವನ್ನು ಮತ್ತೆ ತಲಾಟಿಯ ದಫ್ತರಕ್ಕೆ ಸೇರಿಸಿ ಎನ್ನುವುದು ನನ್ನ ವಾದವಲ್ಲ. ಜಮೀನು ಕೊಳ್ಳುವವರು, ಬದುವಿನ ಜಗಳವಿರುವ ನೆರೆಯವರು, ಪಾಲಿಗಾಗಿ ಹೋರಾಡುವ ಹೆಣ್ಣುಮಕ್ಕಳು ಇವರೆಲ್ಲರಿಗೂ ತೆರೆದ ಉತಾರ ಬೇಕು. ಬೇಕಾದದ್ದು ಓದುವುದಕ್ಕೂ ಒಂದು ವಹಿ. ತಿದ್ದಿದವರ ಗುರುತನ್ನು ಇಪ್ಪತ್ತೈದು ವರ್ಷದ ಹಿಂದೆಯೇ ಇಟ್ಟುಕೊಂಡ ವ್ಯವಸ್ಥೆಗೆ ಓದಿದವರ ಗುರುತು ಇಡುವುದು ಕಷ್ಟವಲ್ಲ. ಎಸ್ಟೋನಿಯಾ ದೇಶದಲ್ಲಿ ತಮ್ಮ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬುದನ್ನು ನಾಗರಿಕರು ಸರ್ಕಾರದ ತಾಣದಲ್ಲೇ ನೋಡಿಕೊಳ್ಳಬಹುದು. ಇಲ್ಲಿಯೂ ಹೆಸರು ಮತ್ತು ವಿಸ್ತೀರ್ಣ ಎಲ್ಲರಿಗೂ ಕಾಣಲಿ; 11ನೇ ಕಾಲಮಿನ ಸಾಲದ ವಿವರ ಬೇಕಾದವರು ತಮ್ಮ ಮೊಬೈಲ್ ಸಂಖ್ಯೆಯಿಂದ ಒಳಬರಲಿ; ‘ನಿಮ್ಮ ಉತಾರವನ್ನು ಇಂಥವರು ಇಂಥ ದಿನ ನೋಡಿದ್ದಾರೆ’ ಎಂದು ಒಡೆಯರಿಗೆ ಸಂದೇಶ ಹೋಗಲಿ. ಒಂದೇ ಕಡೆಯಿಂದ ನೂರಾರು ಉತಾರ ತೆರೆಯತೊಡಗಿದರೆ ತಾಣ ತಡೆಯಲಿ. 2024ರಿಂದ ಉತಾರಗಳಿಗೆ ಆಧಾರ್ ಜೋಡಿಸುವ ಕೆಲಸ ನಡೆದಿರುವುದರಿಂದ ಈ ಮಾತಿಗೆ ಇನ್ನಷ್ಟು ತುರ್ತು ಬಂದಿದೆ.

ಬದಲಾಯಿಸಲಾಗದ ಗುಪ್ತಪದ

ತೋರಿಸಬಾರದ್ದನ್ನು ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸ್ಪಷ್ಟ ಉದಾಹರಣೆ ಇದೆ. ಜಮೀನು, ಮನೆ ಖರೀದಿಯ ಪತ್ರಗಳನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವಾಗ ಕೊಡುವವರ, ಕೊಳ್ಳುವವರ ಬೆರಳಚ್ಚು ಪಡೆಯುತ್ತಾರೆ. ನೋಂದಣಿ ಇಲಾಖೆಯ ‘ಕಾವೇರಿ’ ತಾಣದಿಂದ ಇಂಥ ಪತ್ರಗಳ ಪ್ರತಿಯನ್ನು ಪಡೆಯಬಹುದಿತ್ತು, ಬೆರಳಚ್ಚಿನ ಚಿತ್ರ ಸಮೇತ! ಇತ್ತ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಓಟಿಪಿ ಬೇಡ, ಗುಪ್ತಪದ ಬೇಡ. ಹಳ್ಳಿಯಲ್ಲಿ ಓದುಬರಹ ಬಾರದ ವೃದ್ಧರಿಗೂ ಪಿಂಚಣಿಯ ಹಣ ಮನೆ ಬಾಗಿಲಲ್ಲಿ ಸಿಗಲೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು.

2023ರಲ್ಲಿ ಈ ಎರಡೂ ಒಂದನ್ನೊಂದು ಸಂಧಿಸಿದವು. ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಹಣ ಹೋಗತೊಡಗಿತು. ಮಂಗಳೂರಿನ ಪೊಲೀಸರು ಆ ವರ್ಷ ಬಿಹಾರದ ಮೂವರನ್ನು ಬಂಧಿಸಿದರು. ನೋಂದಣಿ ತಾಣದಿಂದ ಪಡೆದ ಪತ್ರಗಳಲ್ಲಿನ ಬೆರಳಚ್ಚುಗಳನ್ನು ನಕಲು ಮಾಡಿ ಹಣ ತೆಗೆದರು ಎಂಬುದು ಅವರ ಮೇಲಿನ ಆರೋಪ. ಪ್ರಕರಣಗಳು ಬೆಳಕಿಗೆ ಬಂದ ಮೇಲೆ ಇಲಾಖೆ ತಾಣದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚಲು ಮುಂದಾಯಿತು.

ಇಲ್ಲಿ ವಿಮರ್ಶೆಗೆ ಗುರಿಯಾಗಬೇಕಾದದ್ದು ತಡವಾಗಿ ಎಚ್ಚೆತ್ತದ್ದು. 2018ರಲ್ಲಿಯೇ ನೆರೆಯ ತೆಲಂಗಾಣದಲ್ಲಿ ಒಬ್ಬಾತ ಅಲ್ಲಿನ ನೋಂದಣಿ ತಾಣದ ಪತ್ರಗಳಿಂದ ಬೆರಳಚ್ಚು ತೆಗೆದು, ರಬ್ಬರ್ ಸ್ಟಾಂಪ್ ಮಾಡುವ ಯಂತ್ರದಲ್ಲಿ ನಕಲಿ ಬೆರಳು ಮಾಡಿ, ಸಾವಿರಾರು ಮೊಬೈಲ್ ಸಿಮ್‌ಗಳಿಗೆ ಚಾಲನೆ ಕೊಟ್ಟ ಪ್ರಕರಣ ಬಯಲಾಗಿತ್ತು. ಪತ್ರಿಕೆಗಳಲ್ಲಿ ಬಂದ ಸುದ್ದಿ. ಐದು ವರ್ಷ ಕಾಲಾವಕಾಶವಿತ್ತು.

ಬೆರಳಚ್ಚು ಸೋರಿದರೆ ಗುಪ್ತಪದ ಸೋರಿದ್ದಕ್ಕಿಂತ ಏಕೆ ಕೆಟ್ಟದ್ದು? ಒಳ್ಳೆಯ ತಾಣ ನಿಮ್ಮ ಗುಪ್ತಪದವನ್ನು ಇದ್ದ ಹಾಗೆ ಬರೆದಿಡುವುದಿಲ್ಲ. ‘ಹ್ಯಾಶ್’ ಎಂಬ ಗಣಿತ ಕ್ರಿಯೆಯಿಂದ ಅದನ್ನು ಅರೆದು, ಹಿಂದಕ್ಕೆ ಹೋಗಲಾಗದ ಒಂದು ಅಕ್ಷರಮಾಲೆಯಾಗಿ ಇಡುತ್ತದೆ. ಗೋಧಿಯಿಂದ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಗೋಧಿ ಮಾಡಲಾಗದು. ನೀವು ಮತ್ತೆ ಬಂದಾಗ ಕೊಟ್ಟ ಪದವನ್ನೂ ಹಾಗೆಯೇ ಅರೆದು ಎರಡನ್ನೂ ಹೋಲಿಸುತ್ತದೆ. ಹೀಗೆ ಮಾಡದ ರಾಕ್‌ಯು ಎಂಬ ಅಮೆರಿಕದ ಸಂಸ್ಥೆಯಿಂದ 2009ರಲ್ಲಿ 3.2 ಕೋಟಿ ಗುಪ್ತಪದಗಳು ಹಾಗೆಹಾಗೆಯೇ ಸೋರಿದವು. ಆದರೂ ಆ ಜನ ಮರುದಿನ ಹೊಸ ಗುಪ್ತಪದ ಇಟ್ಟುಕೊಳ್ಳಬಹುದಿತ್ತು. ಬೆರಳನ್ನು ಹೀಗೆ ಅರೆಯುವುದು ಸುಲಭವಲ್ಲ. ಪ್ರತಿ ಸಲ ಒತ್ತಿದಾಗಲೂ ಚಿತ್ರ ಸ್ವಲ್ಪ ಬೇರೆಯಾಗುತ್ತದೆ, ಹ್ಯಾಶ್‌ಗೆ ಎಳ್ಳಷ್ಟು ವ್ಯತ್ಯಾಸವಾದರೂ ಉತ್ತರ ಪೂರಾ ಬೇರೆ. ಬೆರಳು ಬದಲಾಗುವುದೂ ಇಲ್ಲ. 2023ಕ್ಕೆ ಮೊದಲು ತಾಣದಿಂದ ಇಳಿಸಿಕೊಂಡು ಹೋದ ಪ್ರತಿಗಳಲ್ಲಿರುವ ಹೆಬ್ಬೆಟ್ಟನ್ನು ಈಗ ಯಾವ ಮರೆಮಾಚುವಿಕೆಯೂ ಹಿಂದಕ್ಕೆ ತರಲಾರದು. ಆಧಾರ್ ಪ್ರಾಧಿಕಾರದ ತಾಣದಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ತೆರೆಯುವ ಸೌಲಭ್ಯವಿದೆ. ಆಸ್ತಿ ನೋಂದಣಿ ಮಾಡಿಸಿದವರು ಇದನ್ನು ಬಳಸುವುದು ಒಳಿತು. ಆದರೆ ಇದಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು!

ಜನ್ಮದಿನಾಂಕ ಎಂಬ ಕೀಲಿಕೈ

ಹೆಸರು ಮರೆಮಾಡಿದರೆ ಮಾಹಿತಿ ಅನಾಮಧೇಯವಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಅದನ್ನು ತರಗತಿಯಲ್ಲಿ ಲೆಕ್ಕ ಮಾಡಿಯೇ ಪರೀಕ್ಷಿಸಬಹುದು.

80 ವರ್ಷಗಳ ಆಯುಷ್ಯದಲ್ಲಿ ಬರುವ ಜನ್ಮದಿನಾಂಕಗಳು 80 × 365, ಅಂದರೆ 29,200. ಹೆಣ್ಣು ಗಂಡು ಎಂದು ಎರಡರಿಂದ ಗುಣಿಸಿದರೆ 58,400 ಗೂಡುಗಳು. ಒಂದು ಊರಿನ ಜನರನ್ನೆಲ್ಲ ಈ ಗೂಡುಗಳಲ್ಲಿ ಹಂಚಿ. ನಿಮ್ಮ ಗೂಡಿನಲ್ಲಿ ನೀವೊಬ್ಬರೇ ಇರುವ ಸಂಭವ ಎಷ್ಟು? ಇನ್ನೊಬ್ಬ ವ್ಯಕ್ತಿ ನಿಮ್ಮ ಗೂಡಿಗೆ ಬಾರದಿರುವ ಸಂಭವ 58,399/58,400. ಊರಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಲ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. 2011ರ ಜನಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ ಸುಮಾರು 77 ಸಾವಿರ ಜನ, ಉತ್ತರ 0.27. ಸುಮಾರು 52 ಸಾವಿರ ಜನರ ಮುಧೋಳಕ್ಕೆ 0.41. ಮೂರು ಸಾವಿರ ಜನರ ಹಳ್ಳಿಗೆ 0.95! ಅಂದರೆ ಹಳ್ಳಿಯ ನೂರರಲ್ಲಿ 95 ಜನರಿಗೆ ಜನ್ಮದಿನಾಂಕ ಮತ್ತು ಲಿಂಗ ಸೇರಿದರೆ ಅದೇ ಹೆಸರು. ಊರು ಸಣ್ಣದಾದಷ್ಟೂ ಮರೆ ಕಡಿಮೆ.

ಇದು ಒರಟು ಲೆಕ್ಕ. ಎಲ್ಲ ವಯಸ್ಸಿನವರೂ ಸಮಸಂಖ್ಯೆಯಲ್ಲಿ ಇರುವುದಿಲ್ಲ. ಮೇಲಾಗಿ ನಮ್ಮ ಹಿರಿಯರಲ್ಲಿ ಬಹಳ ಮಂದಿಯ ಹುಟ್ಟುಹಬ್ಬ ಜೂನ್ 1ಕ್ಕೆ ಬರುತ್ತದೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಆ ಒಂದು ಗೂಡಿನಲ್ಲಿ ಜನ ಕಿಕ್ಕಿರಿದಿದ್ದಾರೆ. ಮಾಸ್ತರರು ತಮಗೆ ಅರಿವಿಲ್ಲದೆಯೇ ಒಂದು ಪೀಳಿಗೆಗೆ ಖಾಸಗಿತನವನ್ನು ದಯಪಾಲಿಸಿದ್ದಾರೆ!

ಅಮೆರಿಕದಲ್ಲಿ ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 1997ರಲ್ಲಿ ಇದನ್ನೇ ಮಾಡಿ ತೋರಿಸಿದರು. ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆರೋಗ್ಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ಆಕೆ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು ಎರಡನ್ನೂ ಹೋಲಿಸಿದರು. ರಾಜ್ಯದ ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಗವರ್ನರರ ಅಂಚೆ ಸಂಖ್ಯೆಯಲ್ಲಿ ಇದ್ದವರು ಒಬ್ಬರೇ. ಗವರ್ನರರ ಕಾಯಿಲೆಯ ವಿವರ ಸಿಕ್ಕಿಬಿಟ್ಟಿತು. ನಮ್ಮ ಮತದಾರರ ಪಟ್ಟಿಯಲ್ಲಿ ವಯಸ್ಸು ಮಾತ್ರ ಇರುತ್ತದೆ, ದಿನಾಂಕ ಇರುವುದಿಲ್ಲ. ಅದು ಒಳ್ಳೆಯದೇ. ಆದರೆ ನೇಮಕಾತಿಯ ಆಯ್ಕೆಪಟ್ಟಿಗಳಲ್ಲಿ ಹೆಸರು, ಜನ್ಮದಿನಾಂಕ, ಮೀಸಲಾತಿ ವರ್ಗ ಒಟ್ಟಿಗೆ ಪ್ರಕಟವಾಗುವುದನ್ನು ಅಧ್ಯಾಪಕರಾದ ನೀವು ನೋಡಿಯೇ ಇರುತ್ತೀರಿ. ಬಹುಶಃ ಅದರಲ್ಲಿ ನಿಮ್ಮ ಹೆಸರೂ ಇತ್ತು.

ಇಷ್ಟು ಬಯಲಾದ ಜನ್ಮದಿನಾಂಕವನ್ನೇ ಮತ್ತೆ ಕೀಲಿಕೈಯಾಗಿ ಬಳಸುವುದು ವಿಚಿತ್ರ. ಪರೀಕ್ಷಾ ಫಲಿತಾಂಶ ನೋಡಲು ನೋಂದಣಿ ಸಂಖ್ಯೆಯ ಜೊತೆಗೆ ಜನ್ಮದಿನಾಂಕ ಕೇಳುವುದು ಈಗ ರೂಢಿ. ಬರೀ ನೋಂದಣಿ ಸಂಖ್ಯೆ ಸಾಕಾಗಿದ್ದ ಕಾಲಕ್ಕಿಂತ ಇದು ಮೇಲು ನಿಜ. ಆದರೆ ನೋಂದಣಿ ಸಂಖ್ಯೆಗಳು ಒಂದರ ಹಿಂದೆ ಒಂದು ಬರುತ್ತವೆ; ಪಕ್ಕದ ಬೆಂಚಿನವನ ಸಂಖ್ಯೆ ಎಲ್ಲರಿಗೂ ಗೊತ್ತು. ಒಂದು ತರಗತಿಯ ಬಹುತೇಕ ಮಕ್ಕಳು ಎರಡು ವರ್ಷದ ಅವಧಿಯಲ್ಲಿ ಹುಟ್ಟಿದವರು, ಅಂದರೆ 730 ದಿನಾಂಕಗಳು. ಆರು ಅಂಕಿಯ ಓಟಿಪಿಗೆ 10 ಲಕ್ಷ ಸಾಧ್ಯತೆಗಳಿವೆ, ಮೂರು ಸಲ ತಪ್ಪಿದರೆ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ಜನ್ಮದಿನಾಂಕವನ್ನೂ ಆರು ಅಂಕಿಯಲ್ಲಿ ಬರೆಯಬಹುದು, ಆದರೆ ಅದರ ಬಲ 730 ಮಾತ್ರ. ಸೆಕೆಂಡಿಗೊಂದರಂತೆ ಪ್ರಯತ್ನಿಸಿದರೆ 12 ನಿಮಿಷ ಸಾಕು. ತಪ್ಪು ಪ್ರಯತ್ನಗಳಿಗೆ ಮಿತಿ ಹಾಕದ ತಾಣದಲ್ಲಿ ಇದನ್ನು ರಕ್ಷಣೆ ಎನ್ನಲಾಗದು.

ನಮ್ಮ ಶಾಲೆಗಳ ಒಳಗೂ ಇಣುಕಿ ನೋಡಬೇಕು. ವಿದ್ಯಾರ್ಥಿವೇತನಕ್ಕಾಗಿ ಮಕ್ಕಳ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗಳನ್ನು ಸಂಗ್ರಹಿಸುವವರು ಬಹಳ ಕಡೆ ಅಧ್ಯಾಪಕರೇ. ಆ ಪಟ್ಟಿ ಕೆಲವೊಮ್ಮೆ ಪಾಲಕರ ವಾಟ್ಸ್‌ಆಪ್ ಗುಂಪಿಗೂ ಹೋಗುತ್ತದೆ, ಯಾರ ಅರ್ಜಿ ಬಾಕಿ ಇದೆ ಎಂದು ತಿಳಿಸಲು. ಬಾಕಿ ಇರುವವರ ಹಾಜರಿ ಸಂಖ್ಯೆ ಬರೆದರೆ ಸಾಕಾಗುವ ಕಡೆ ಆಧಾರ್ ಸಂಖ್ಯೆ ಹರಿದಾಡುತ್ತದೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆ ನಾಲ್ಕೇ ಸರ್ಕಾರಿ ತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿರಬಹುದೆಂದು ಅಂದಾಜು ಮಾಡಿತ್ತು. ಅಲ್ಲಿಯೂ ಯಾರೂ ಕನ್ನ ಹಾಕಿರಲಿಲ್ಲ. ಫಲಾನುಭವಿಗಳ ಪಟ್ಟಿಯನ್ನು ಪಾರದರ್ಶಕತೆಗಾಗಿ ಪ್ರಕಟಿಸಲಾಗಿತ್ತು.

ಹೊಸ ಕಾಯ್ದೆ ಯಾರನ್ನು ಕಾಯುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಹಲವು ಕರಡುಗಳಾಗಿ, ಕೊನೆಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ತಾಣಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಯಿತು.

ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಆ ದಂಡ ಸರ್ಕಾರದ ನಿಧಿಗೆ ಹೋಗುತ್ತದೆ, ಹಣ ಕಳೆದುಕೊಂಡವರಿಗಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ನೊಂದವರು ಪರಿಹಾರ ಕೇಳಲು ದಾರಿಯಿತ್ತು; ಹೊಸ ಕಾಯ್ದೆ ಆ ಕಲಮನ್ನೇ ಕೈಬಿಡುವ ವ್ಯವಸ್ಥೆ ಮಾಡಿದೆ. ಸಹಾಯಧನ, ಪ್ರಮಾಣಪತ್ರ ಮೊದಲಾದವುಗಳಿಗಾಗಿ ಸರ್ಕಾರ ತನ್ನ ಬಳಿ ಇರುವ ಮಾಹಿತಿಯನ್ನು ಬಳಸಲು ಹಲವು ಸಂದರ್ಭಗಳಲ್ಲಿ ಮತ್ತೆ ಒಪ್ಪಿಗೆ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮೂರನೇ ಕಲಮಿನಲ್ಲಿದೆ. ಕಾನೂನಿನ ಹೊಣೆಯಂತೆ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಈ ಮಾತನ್ನು ಹಾಗೆಯೇ ಓದಿದರೆ, ಸಾರ್ವಜನಿಕ ದಾಖಲೆಯೆಂದು ತೆರೆದಿಟ್ಟ ಉತಾರ ಅದರ ಹೊರಗೆ ಉಳಿಯುವ ಸಂಭವವೇ ಹೆಚ್ಚು. ಆ ಪುಟದಿಂದ ಪಟ್ಟಿ ಮಾಡಿಕೊಂಡವನೂ ಇದೇ ಕಲಮಿನ ಆಸರೆ ಕೇಳಬಹುದು. ಬೀಳಗಿಯ ರೈತರ ಮಟ್ಟಿಗೆ 250 ಕೋಟಿಯ ದಂಡಕ್ಕಿಂತ ಭೂಮಿ ತಾಣದಲ್ಲಿ ಓದುವವರ ವಹಿ ಇದೆಯೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ.

ಕನ್ನಡದ ತಿಳಿವಳಿಕೆ ಪತ್ರ ಬಂದರೂ ಅದು ಕಾಣುವುದು ನಿರ್ವಾಹಕರ ಪರದೆಯ ಮೇಲೆ. ಇದಕ್ಕೊಂದು ಹಳೆಯ ಪರಿಹಾರ ನಮ್ಮಲ್ಲೇ ಇದೆ. 2001ರ ಸುಮಾರಿನ ಭೂಮಿ ಕಿಟಕಿಗಳಲ್ಲಿ ನೌಕರನ ಪರದೆಯ ಜೊತೆಗೆ ಇನ್ನೊಂದು ಪರದೆಯನ್ನು ರೈತರ ಕಡೆಗೆ ಮುಖ ಮಾಡಿ ಇಡಲಾಗಿತ್ತು. ಒಳಗೆ ತನ್ನ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹೊರಗೆ ನಿಂತವರು ನೋಡಬಹುದಿತ್ತು. ಗ್ರಾಮ ಒನ್ ಕೇಂದ್ರಗಳಿಗೂ ಅಂಥ ಎರಡನೆಯ ಪರದೆಯನ್ನು ಕಡ್ಡಾಯ ಮಾಡಬಹುದು. ಓಟಿಪಿಯನ್ನು ಬಾಯಿಬಿಟ್ಟು ಹೇಳುವ ಬದಲು ಬಂದವರೇ ಒತ್ತಲು ಅದರ ಪಕ್ಕದಲ್ಲಿ ಅಂಕಿಗಳ ಸಣ್ಣ ಕೀಲಿಮಣೆಯನ್ನೂ ಇಡಬಹುದು.